ಸಹಿ ಹಾಕದ ಒಂದು ಕರಡು: ಅಮೆರಿಕದ ನೌಕಾಪಡೆಯ ವಕೀಲ ಆಲ್ಬರ್ಟೊ ಮೋರಾ ಬಗ್ಗೆ ಮಾತಾಡೋಣ

ಕೋರ್ಟ್ ಗಲ್ಲಿ (ಧಾರವಾಡ)

ಎಲ್ಲರಿಗೂ ನಮಸ್ಕಾರ. ಸರ್ಕಾರದ ಪರ ವಕೀಲರು ಸರ್ಕಾರಕ್ಕೇ ಬೇಡ ಅನ್ನಬಹುದಾ ಎಂಬ ಮಾತು ನಮ್ಮ ವಕೀಲರ ಬಾರ್ ರೂಮಿನಲ್ಲಿ ಆಗಾಗ ಏಳುತ್ತದೆ. ಆಗೆಲ್ಲ ನಾನು ಹೇಳುವ ಹೆಸರು ಆಲ್ಬರ್ಟೊ ಮೋರಾ. ಈ ಹೆಸರು ಕೇಳಿದವರು ಕಡಿಮೆ. ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಉದ್ದ ಆದರೂ ಪೂರ್ತಿ ಓದಿ.

ಮೋರಾ ಅವರ ತಂದೆ ಕ್ಯೂಬಾದವರು, ತಾಯಿ ಹಂಗೆರಿಯವರು. ಮಗನ ಬಾಲ್ಯ ಕ್ಯೂಬಾದಲ್ಲಿ ಕಳೆಯಿತು. ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ ಮೇಲೆ ಕುಟುಂಬ ಅಲ್ಲಿಂದ ಹೊರಟು ಅಮೆರಿಕ ಸೇರಿತು. ಆಗ ಮೋರಾಗೆ ಎಂಟು ವರ್ಷ. ಬೆಳೆದದ್ದು ಮಿಸಿಸಿಪ್ಪಿ ರಾಜ್ಯದ ಜಾಕ್ಸನ್‌ನಲ್ಲಿ. ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಪದವಿ ಮುಗಿಸಿ ವಿದೇಶಾಂಗ ಇಲಾಖೆ ಸೇರಿದರು, ಪೋರ್ಚುಗಲ್‌ನಲ್ಲಿ ಕೆಲಸ ಮಾಡಿದರು. ಅದನ್ನು ಬಿಟ್ಟು ಮಯಾಮಿ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ವಕೀಲರಾದರು. ಹಿರಿಯ ಬುಷ್ ಕಾಲದಲ್ಲಿ ಸರ್ಕಾರದ ಮಾಹಿತಿ ಸಂಸ್ಥೆಗೆ ಕಾನೂನು ಮುಖ್ಯಸ್ಥರಾಗಿದ್ದರು. 2001ರಲ್ಲಿ ಅಧ್ಯಕ್ಷ ಕಿರಿಯ ಬುಷ್, ಮೋರಾ ಅವರನ್ನು ನೌಕಾಪಡೆಯ ಜನರಲ್ ಕೌನ್ಸೆಲ್ (ಕಾನೂನು ಮುಖ್ಯಸ್ಥ) ಮಾಡಿದರು. ಇದು ಸಮವಸ್ತ್ರದ ಹುದ್ದೆಯಲ್ಲ, ನಾಗರಿಕ ಹುದ್ದೆ. ಆದರೆ ಶಿಷ್ಟಾಚಾರದ ಲೆಕ್ಕದಲ್ಲಿ ನಾಲ್ಕು ನಕ್ಷತ್ರದ ಅಡ್ಮಿರಲ್‌ಗೆ ಸಮ. ಸೆಪ್ಟೆಂಬರ್ 11ರಂದು ವಿಮಾನ ಬಂದು ಅಪ್ಪಳಿಸಿದಾಗ ಅವರು ಪೆಂಟಗನ್ ಕಟ್ಟಡದೊಳಗೇ ಇದ್ದರು. ಇದನ್ನು ನೆನಪಿಟ್ಟುಕೊಳ್ಳಿ. ಅವರು ರಿಪಬ್ಲಿಕನ್ ಪಕ್ಷದವರು, ಭಯೋತ್ಪಾದನೆ ವಿರುದ್ಧದ ಯುದ್ಧವನ್ನು ಮನಸಾರೆ ಬೆಂಬಲಿಸಿದವರು.

2002ರ ಡಿಸೆಂಬರ್ 17. ನೌಕಾಪಡೆಯ ಅಪರಾಧ ತನಿಖಾ ವಿಭಾಗದ ಮುಖ್ಯಸ್ಥ ಡೇವಿಡ್ ಬ್ರಾಂಟ್ ಮೋರಾ ಅವರಲ್ಲಿಗೆ ಬಂದರು. ಗ್ವಾಂಟನಾಮೋದಲ್ಲಿ (ಅಮೆರಿಕದ ನೌಕಾನೆಲೆಯಲ್ಲಿರುವ ಸೆರೆಮನೆ) ಕೈದಿಗಳನ್ನು ಹಿಂಸಿಸಿ ವಿಚಾರಣೆ ಮಾಡುತ್ತಿದ್ದಾರೆ, ನಮ್ಮ ತನಿಖಾಧಿಕಾರಿಗಳಿಗೆ ಇದು ಸರಿ ಕಾಣುತ್ತಿಲ್ಲ, ಇದಕ್ಕೆ ಮೇಲಿನಿಂದಲೇ ಒಪ್ಪಿಗೆ ಇದೆಯಂತೆ ಎಂದರು. ಇನ್ನೂ ಕೇಳಬೇಕಾ ಎಂದೂ ಕೇಳಿದರು. ಮೋರಾ ಬೇಕು ಎಂದರು. ಮರುದಿನ ವಿಭಾಗದ ಮನಶ್ಶಾಸ್ತ್ರಜ್ಞ ಮೈಕೆಲ್ ಗೆಲ್ಲೆಸ್ ಬಂದು ವಿವರಿಸಿದರು. ಒಮ್ಮೆ ಸ್ವಲ್ಪ ಬಲಪ್ರಯೋಗಕ್ಕೆ ಅನುಮತಿ ಸಿಕ್ಕರೆ, ಮಾಹಿತಿ ಬಾರದಿದ್ದಾಗ ಇನ್ನೂ ಸ್ವಲ್ಪ, ಮತ್ತೂ ಸ್ವಲ್ಪ ಅಂತ ಅದು ಬೆಳೆಯುತ್ತಲೇ ಹೋಗುತ್ತದೆ ಎಂದು ಎಚ್ಚರಿಸಿದರು.

ಆಮೇಲೆ ಭೂಸೇನೆಯ ಜನರಲ್ ಕೌನ್ಸೆಲ್ ಒಂದು ಕಡತ ತೋರಿಸಿದರು. ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಡಿಸೆಂಬರ್ 2ರಂದು ಸಹಿ ಮಾಡಿದ್ದ ಮಂಜೂರಾತಿ ಅದರಲ್ಲಿತ್ತು. ಒಂದೇ ಭಂಗಿಯಲ್ಲಿ ನಾಲ್ಕು ಗಂಟೆವರೆಗೆ ನಿಲ್ಲಿಸುವುದು, 20 ಗಂಟೆಯ ವಿಚಾರಣೆ, ಬಟ್ಟೆ ಬಿಚ್ಚಿಸುವುದು, ತಲೆಗೆ ಮುಸುಕು ಹಾಕುವುದು, ಬೆಳಕು ಮತ್ತು ಶಬ್ದ ಇಲ್ಲದಂತೆ ಇಡುವುದು, ನಾಯಿ ಬಿಟ್ಟು ಹೆದರಿಸುವುದು. ಇದಕ್ಕೆಲ್ಲ ಒಪ್ಪಿಗೆ.

ಡಿಸೆಂಬರ್ 20ರಂದು ಮೋರಾ ನೇರವಾಗಿ ರಕ್ಷಣಾ ಇಲಾಖೆಯ ಜನರಲ್ ಕೌನ್ಸೆಲ್ ವಿಲಿಯಂ ಹೇನ್ಸ್ ಅವರ ಬಳಿ ಹೋದರು. ಈ ಕಾಗದ ಚಿತ್ರಹಿಂಸೆಗೆ ದಾರಿ ಮಾಡುತ್ತದೆ ಎಂದರು. ಹೇನ್ಸ್ ಇಲ್ಲ ಎಂದರು. ಆಗ ಮೋರಾ ಕೇಳಿದ ಪ್ರಶ್ನೆಗಳು ನನಗೆ ತುಂಬಾ ಇಷ್ಟ. ಬೆಳಕಿಲ್ಲದಂತೆ ಇಡುವುದು ಅಂದರೆ ಏನು? ಪೂರ್ತಿ ಕತ್ತಲ ಕೋಣೆಯಲ್ಲಿ ಹಾಕಬಹುದಾ? ಎಷ್ಟು ದಿನ? ಒಂದು ತಿಂಗಳು? ಅದಕ್ಕಿಂತ ಜಾಸ್ತಿ? ಭಯವನ್ನು ಬಳಸಿಕೊಳ್ಳುವುದು ಅಂದರೆ ಶವಪೆಟ್ಟಿಗೆಯಲ್ಲಿ ಮಲಗಿಸಬಹುದಾ? ಹುಚ್ಚು ಹಿಡಿಯುವವರೆಗೆ ಹೆದರಿಸಬಹುದಾ? ಎಲ್ಲಿ ನಿಲ್ಲಬೇಕು ಅಂತ ಆ ಕಾಗದದಲ್ಲಿ ಬರೆದೇ ಇರಲಿಲ್ಲ.

ಕ್ರಿಸ್‌ಮಸ್ ರಜೆಗೆ ಮೋರಾ ಮಯಾಮಿಗೆ ಹೋದರು. ಎಲ್ಲ ನಿಂತಿರಬಹುದು ಅಂದುಕೊಂಡಿದ್ದರು. ಅಲ್ಲಿಗೆ ಬ್ರಾಂಟ್ ಫೋನ್ ಮಾಡಿ, ಏನೂ ನಿಂತಿಲ್ಲ ಎಂದರು. ಜನವರಿ 9ಕ್ಕೆ ಮತ್ತೆ ಹೇನ್ಸ್ ಭೇಟಿ. ಫಲ ಇಲ್ಲ. ಜನವರಿ 15ರಂದು ಮೋರಾ ಒಂದು ಪತ್ರ ಬರೆದರು. ಗ್ವಾಂಟನಾಮೋದಲ್ಲಿ ನಡೆಯುತ್ತಿರುವುದು ಕನಿಷ್ಠವೆಂದರೂ ಕ್ರೂರ ವರ್ತನೆ, ಹೆಚ್ಚೆಂದರೆ ಚಿತ್ರಹಿಂಸೆ ಎಂಬುದು ಅದರ ತಿರುಳು. ಅದನ್ನು ಸಹಿ ಹಾಕದೆ ಕರಡಾಗಿಯೇ ಹೇನ್ಸ್‌ಗೆ ಕಳಿಸಿ, ಈ ಕ್ರಮಗಳನ್ನು ನಿಲ್ಲಿಸಿದ ಸುದ್ದಿ ಬರದಿದ್ದರೆ ಸಂಜೆಯೊಳಗೆ ಸಹಿ ಹಾಕುತ್ತೇನೆ ಎಂದು ಹೇಳಿದರು. ಅದೇ ದಿನ ರಮ್ಸ್‌ಫೆಲ್ಡ್ ಮಂಜೂರಾತಿ ಹಿಂತೆಗೆದುಕೊಂಡರು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ, ಮುಂದಿನದು ಬೇಸರದ್ದು. ಆದರೆ ಮೊದಲು ನಿಮ್ಮ ಅಭಿಪ್ರಾಯ ಕೇಳಬೇಕು. ಒಳಗಿದ್ದುಕೊಂಡೇ ಹೀಗೆ ಹೋರಾಡುವುದು ಸರಿಯಾ, ರಾಜೀನಾಮೆ ಬಿಸಾಕಿ ಹೊರಗೆ ಬಂದು ಮಾತಾಡಬೇಕಿತ್ತಾ? ನನ್ನ ಮಟ್ಟಿಗೆ ಅವರು ಮಾಡಿದ್ದೇ ಸರಿ. ಆ ಕುರ್ಚಿಯಲ್ಲಿ ಕೂತವರು ಬರೆದ ಕಾಗದಕ್ಕೆ ಇರುವ ತೂಕ ಹೊರಗಿನವರ ಭಾಷಣಕ್ಕೆ ಇರುವುದಿಲ್ಲ.

ತುಂಗಾತೀರ

ಒಳ್ಳೆಯ ಪೋಸ್ಟ್ ಸರ್. ಒಂದು ಸಣ್ಣ ಸಂದೇಹ. ಮೋರಾ ಹುಟ್ಟಿದ್ದು ಬೋಸ್ಟನ್‌ನಲ್ಲಿ ಅಂತ ಎಲ್ಲೋ ಓದಿದ ನೆನಪು. ಹಾಗಿದ್ದರೆ ವಲಸಿಗ ಅನ್ನಬಹುದಾ?

ಕೋರ್ಟ್ ಗಲ್ಲಿ (ಧಾರವಾಡ)

ಹುಟ್ಟಿದ್ದು ಬೋಸ್ಟನ್‌ನಲ್ಲೇ, ನಿಜ. ಹಾಗಾಗಿ ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಅಮೆರಿಕದ ನಾಗರಿಕ. ಆದರೆ ಬುದ್ಧಿ ತಿಳಿಯುವ ವಯಸ್ಸು ಕ್ಯೂಬಾದಲ್ಲಿ ಕಳೆದು, ಮನೆಮಠ ಬಿಟ್ಟು ಬಂದ ಕುಟುಂಬದ ಹುಡುಗ. ತಾಯಿಯ ಕಡೆಯವರು ಹಂಗೆರಿ ಬಿಟ್ಟವರು, ತಂದೆಯ ಕಡೆಯವರು ಕ್ಯೂಬಾ ಬಿಟ್ಟವರು. ಪಾಸ್‌ಪೋರ್ಟ್ ಏನೇ ಹೇಳಲಿ, ಬೆಳೆದದ್ದು ವಲಸಿಗರ ಮನೆಯಲ್ಲಿ.

ಬೈತ್‌ಕೋಲ್ ಬಂದರು (ಕಾರವಾರ)

ನಾನು ನೌಕಾಪಡೆಯಲ್ಲಿ ನಾವಿಕನಾಗಿದ್ದು ನಿವೃತ್ತನಾದವನು. ಅಮೆರಿಕದ ವ್ಯವಸ್ಥೆ ಒಳಗಿನಿಂದ ನೋಡಿಲ್ಲ, ಆದರೆ ಪಡೆಯ ಶಿಸ್ತು ಏನು ಅಂತ ಗೊತ್ತು. ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು. ಅಲ್ಲಿ ನೌಕಾಪಡೆಗೆ ಎರಡು ಬಗೆಯ ವಕೀಲರು ಇದ್ದಾರೆ. ಸಮವಸ್ತ್ರದ ವಕೀಲರ ಮುಖ್ಯಸ್ಥರು ಜಡ್ಜ್ ಅಡ್ವೊಕೇಟ್ ಜನರಲ್. ನಾಗರಿಕ ವಕೀಲರ ಮುಖ್ಯಸ್ಥರು ಜನರಲ್ ಕೌನ್ಸೆಲ್. ನಮ್ಮಲ್ಲೂ ಜಡ್ಜ್ ಅಡ್ವೊಕೇಟ್ ಜನರಲ್ ಶಾಖೆ ಇದೆ, ಜ್ಯಾಗ್ ಬ್ರಾಂಚ್ ಅಂತಲೇ ಕರೆಯುವುದು. 1957ರ ನೌಕಾಪಡೆ ಕಾಯ್ದೆಯ ಕೆಲಸವೆಲ್ಲ ಅವರ ಮೂಲಕವೇ ನಡೆಯುವುದು. ಈ ವಿಷಯದಲ್ಲಿ ಮೋರಾ ಒಂಟಿಯಾಗಿರಲಿಲ್ಲ. 2003ರ ಫೆಬ್ರವರಿ, ಮಾರ್ಚ್‌ನಲ್ಲಿ ನೌಕಾಪಡೆ, ಭೂಸೇನೆ, ವಾಯುಪಡೆ, ಮರೀನ್ ನಾಲ್ಕೂ ಕಡೆಯ ಸಮವಸ್ತ್ರದ ಹಿರಿಯ ವಕೀಲರು ಲಿಖಿತವಾಗಿ ಆಕ್ಷೇಪಣೆ ಸಲ್ಲಿಸಿದರು. ನೌಕಾಪಡೆಯಿಂದ ರಿಯರ್ ಅಡ್ಮಿರಲ್ ಮೈಕೆಲ್ ಲೋರ್, ವಾಯುಪಡೆಯಿಂದ ಮೇಜರ್ ಜನರಲ್ ಜ್ಯಾಕ್ ರೈವ್ಸ್. ಯುದ್ಧದ ಜೋಶ್ ಇರುವ ಸಮಯದಲ್ಲಿ ಸಮವಸ್ತ್ರ ತೊಟ್ಟು ಹಾಗೆ ಬರೆಯುವುದು ಸುಮ್ನೆ ಅಲ್ಲ.

ಎರಡನೆಯದು. ಹೊರಗಿನವರಿಗೆ ಸೈನಿಕರು ಕೈದಿಗಳ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳುತ್ತಾರೆ ಅನಿಸಬಹುದು. ನಾಳೆ ಸಿಕ್ಕಿಬೀಳುವವರು ನಮ್ಮವರೇ ಆಗಬಹುದು. 1971ರ ಯುದ್ಧ ಮುಗಿದಾಗ ಸುಮಾರು 93,000 ಮಂದಿ ಪಾಕಿಸ್ತಾನದ ಕಡೆಯವರು ನಮ್ಮ ವಶದಲ್ಲಿದ್ದರು. ಅವರನ್ನು ಜಿನೀವಾ ಒಪ್ಪಂದದ ಪ್ರಕಾರ ನೋಡಿಕೊಂಡು ಕಳಿಸಿಕೊಟ್ಟೆವು. ಆ ವಿಷಯವನ್ನು ನಮ್ಮ ಹಿರಿಯ ನಾವಿಕರು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರು ಗೊತ್ತಾ? ಹಡಗು ಮುಳುಗಿಸಿದ ಕಥೆ ಹೇಳುವಷ್ಟೇ ಹೆಮ್ಮೆ.

ಮೂರನೇ ಮಹಡಿ (ಬೆಂಗಳೂರು, ಸಚಿವಾಲಯದಿಂದ ನಿವೃತ್ತ)

ಧಾರವಾಡದ ವಕೀಲರು ಬರೆದದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಹಿ ಇಲ್ಲದ ಕರಡು. ಕಡತದ ನಡುವೆಯೇ ಬದುಕು ಕಳೆದವನು ನಾನು. ಅದರ ಬಿಸಿ ಎಷ್ಟಿರುತ್ತದೆ ಅಂತ ನನಗೆ ಗೊತ್ತು.

ಬಾಯಲ್ಲಿ ಹೇಳಿದ ಆಕ್ಷೇಪಣೆ ಕೋಣೆಯ ಬಾಗಿಲು ದಾಟುವುದಿಲ್ಲ. ನಾಳೆ ವಿಚಾರಣೆ ಆದರೆ "ಯಾರೂ ಹೇಳಲೇ ಇಲ್ಲ" ಅಂದುಬಿಡಬಹುದು. ಕಡತದಲ್ಲಿ ಟಿಪ್ಪಣಿ ಬಂದರೆ ಹಾಗಲ್ಲ. ಮೇಲಧಿಕಾರಿ ಅದನ್ನು ಓದಿ, ಒಪ್ಪಬೇಕು ಇಲ್ಲವೇ ಕಾರಣ ಕೊಟ್ಟು ತಳ್ಳಿಹಾಕಬೇಕು. ಎರಡೂ ದಾಖಲೆಯಾಗುತ್ತವೆ. ನಾನು ಸೆಕ್ಷನ್ ಆಫೀಸರ್ ಆಗಿದ್ದಾಗ ಒಂದು ಪ್ರಸ್ತಾವನೆಗೆ ನಿಯಮ ಉಲ್ಲೇಖಿಸಿ ವಿರುದ್ಧ ಟಿಪ್ಪಣಿ ಬರೆದಿದ್ದೆ. ಅದನ್ನು ತೆಗೆದು ಬೇರೆ ಹಾಳೆ ಹಾಕಿ ಅಂತ ಎಷ್ಟು ಒತ್ತಡ ಬಂತು! ಬೈಗುಳ ತಿಂದೆ, ಜಾಗ ಬದಲಾಯಿತು. ಹಾಳೆ ಮಾತ್ರ ಕಡತದಲ್ಲೇ ಉಳಿಯಿತು.

ಮೋರಾ ಮಾಡಿದ್ದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸಹಿ ಹಾಕಿ ಕಳಿಸಿಬಿಟ್ಟಿದ್ದರೆ ಎದುರಿನವರಿಗೆ ಹಿಂದೆ ಸರಿಯಲು ಜಾಗವೇ ಇರುತ್ತಿರಲಿಲ್ಲ. ಹಟಕ್ಕೆ ಬೀಳುತ್ತಿದ್ದರು. ಕರಡು ಕಳಿಸಿದ್ದರಿಂದ ಅವರಿಗೆ ಸಂಜೆವರೆಗೆ ಸಮಯ ಸಿಕ್ಕಿತು, ಮರ್ಯಾದೆಯಿಂದ ಹಿಂತೆಗೆದುಕೊಳ್ಳುವ ದಾರಿಯೂ ಸಿಕ್ಕಿತು. ಹಳೇ ಆಡಳಿತಗಾರರ ಪಟ್ಟು ಇದು.

ಇನ್ನು ರಮ್ಸ್‌ಫೆಲ್ಡ್ ಬರೆದ ಷರಾ. ವಕೀಲರು ಅದನ್ನು ಬಿಟ್ಟಿದ್ದಾರೆ. ಮಂಜೂರಾತಿಯ ಕೆಳಗೆ ತಮ್ಮ ಕೈಬರಹದಲ್ಲಿ, ನಾನೇ ದಿನಕ್ಕೆ 8ರಿಂದ 10 ಗಂಟೆ ನಿಂತಿರುತ್ತೇನೆ, ಇವರಿಗೆ ಯಾಕೆ 4 ಗಂಟೆಯ ಮಿತಿ ಅಂತ ಬರೆದು ಇನಿಷಿಯಲ್ ಹಾಕಿದ್ದರು. ತಮಾಷೆಗೆ ಬರೆದರೋ ಏನೋ. ಆದರೆ ಕೆಳಗಿನವರು ಷರಾವನ್ನು ತಮಾಷೆ ಅಂತ ಓದುವುದಿಲ್ಲ. ಸಾಹೇಬರ ಮನಸ್ಸಿನಲ್ಲಿ ಏನಿದೆ ಅಂತ ಓದುತ್ತಾರೆ. ಮಿತಿ ದಾಟಿದರೂ ಪರವಾಗಿಲ್ಲ ಅಂತ ಓದುತ್ತಾರೆ. ಮೋರಾ ಇದನ್ನೇ ಹೇನ್ಸ್‌ಗೆ ಹೇಳಿದರಂತೆ: ನಾಳೆ ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರು ಈ ಒಂದು ಸಾಲು ಹಿಡಿದುಕೊಂಡು ಸಾಹೇಬರನ್ನು ಸಾಕ್ಷಿಕಟ್ಟೆಯಲ್ಲಿ ಜಾಲಾಡುತ್ತಾರೆ ಎಂದು. ಎರಡು ವಾಕ್ಯದ ಷರಾ. ಅದರಿಂದ ಏನೇನಾಗಬಹುದು ಅಂತ ಮೊದಲೇ ಕಾಣುವುದಕ್ಕೆ ಕಡತದ ಅನುಭವ ಬೇಕು.

ಹೊಳೆಯಾಚೆ

ಎಲ್ಲರೂ ಹೊಗಳುತ್ತಿದ್ದೀರಿ. ನಾನು ಒಪ್ಪುವುದಿಲ್ಲ.

ಡಿಸೆಂಬರ್ 17ಕ್ಕೆ ಗೊತ್ತಾಯಿತು, ಜನವರಿ 15ಕ್ಕೆ ನಿಂತಿತು. ನಡುವಿನ ದಿನಗಳಲ್ಲಿ ಮೊಹಮ್ಮದ್ ಅಲ್ ಕಹ್ತಾನಿ ಎಂಬ ಕೈದಿಯ ಮೇಲೆ ಏನೇನು ನಡೆಯುತ್ತಿತ್ತು ಎಂದು ಆಮೇಲೆ ಬಯಲಾದ ವಿಚಾರಣೆಯ ದಿನಚರಿಯಲ್ಲಿ ಇದೆ. ದಿನಕ್ಕೆ 18ರಿಂದ 20 ಗಂಟೆ ವಿಚಾರಣೆ, ಬೆತ್ತಲೆ ನಿಲ್ಲಿಸುವುದು, ಪಟ್ಟಿ ಕಟ್ಟಿ ನಾಯಿಯ ಹಾಗೆ ನಡೆಸುವುದು. ಆ ಮನುಷ್ಯ ಸೆಪ್ಟೆಂಬರ್ 11ರ ಸಂಚಿನಲ್ಲಿ ಇದ್ದನೇ ಇರಲಿ. ಪ್ರಶ್ನೆ ಅದಲ್ಲ. ಇಷ್ಟು ದೊಡ್ಡ ಹುದ್ದೆಯಲ್ಲಿರುವವರಿಗೆ ಸಂಗತಿ ಗೊತ್ತಾದ ಮೇಲೆ ರಜೆಗೆ ಹೋಗುವುದು ಹೇಗೆ ಸಾಧ್ಯವಾಯಿತು? ಪತ್ರಿಕಾಗೋಷ್ಠಿ ಕರೆಯಬಹುದಿತ್ತಲ್ಲ? ಸೆನೆಟರುಗಳ ಬಳಿ ಹೋಗಬಹುದಿತ್ತಲ್ಲ?

ಮಂಜೂರಾತಿ ವಾಪಸ್ಸಾದ ಮೇಲಾದರೂ ಎಲ್ಲ ಸರಿಯಾಯಿತಾ? 2004ರಲ್ಲಿ ಇರಾಕ್‌ನ ಅಬು ಘ್ರೈಬ್ ಜೈಲಿನ ಫೋಟೋಗಳು ಬಂದವಲ್ಲ. ಅದೇ ಮುಸುಕು, ಅದೇ ನಾಯಿ. ಕರಡಿನಿಂದ ಒಂದು ಮಂಜೂರಾತಿ ನಿಂತಿತು ಅಷ್ಟೇ. ಯಂತ್ರ ನಿಲ್ಲಲಿಲ್ಲ.

ಕೋರ್ಟ್ ಗಲ್ಲಿ (ಧಾರವಾಡ)

ನಿಮ್ಮ ಸಿಟ್ಟು ನ್ಯಾಯವಾದದ್ದು. ಬೇಸರದ ಭಾಗ ಅಂದೆನಲ್ಲ, ಅದು ಇದೇ. ನಡೆದದ್ದನ್ನು ಮುಂದುವರಿಸಿ ಹೇಳುತ್ತೇನೆ.

ಮಂಜೂರಾತಿ ಹಿಂತೆಗೆದ ರಮ್ಸ್‌ಫೆಲ್ಡ್, ಯಾವ ವಿಧಾನ ಬಳಸಬಹುದು ಅಂತ ಹೇಳಲು ಒಂದು ಕಾರ್ಯತಂಡ ರಚಿಸಿದರು. ವಾಯುಪಡೆಯ ಜನರಲ್ ಕೌನ್ಸೆಲ್ ಮೇರಿ ವಾಕರ್ ಅದರ ಮುಖ್ಯಸ್ಥೆ. ಮೋರಾಗೆ ಮೊದಲು ಖುಷಿಯಾಯಿತು, ಈಗ ಸರಿಯಾಗಿ ಚರ್ಚೆ ಆಗುತ್ತದೆ ಅಂತ. ಆದರೆ ನ್ಯಾಯ ಇಲಾಖೆಯ ಜಾನ್ ಯೂ ಬರೆದುಕೊಟ್ಟ ಅಭಿಪ್ರಾಯವನ್ನೇ ತಂಡ ತಳಪಾಯವಾಗಿ ಇಟ್ಟುಕೊಳ್ಳಬೇಕಾಯಿತು. ಯುದ್ಧಕಾಲದಲ್ಲಿ ಅಧ್ಯಕ್ಷರ ಅಧಿಕಾರಕ್ಕೆ ಕಾನೂನು ಅಡ್ಡ ಬರುವುದಿಲ್ಲ ಎಂಬುದು ಅದರ ಸಾರ. ಮೋರಾ ಯೂ ಅವರನ್ನು ಎದುರು ಕೂರಿಸಿಕೊಂಡು, ಚಿತ್ರಹಿಂಸೆಗೆ ಆದೇಶ ಕೊಡುವ ಅಧಿಕಾರ ಅಧ್ಯಕ್ಷರಿಗೆ ಇದೆಯಾ ಎಂದು ಕೇಳಿದರು. ಇದೆ ಎಂದರು ಯೂ.

ತಂಡದ ವರದಿಯ ಕರಡು ನೋಡಿದ ಮೇಲೆ ಮೋರಾ ಹೇನ್ಸ್‌ಗೆ, ಇದನ್ನು ಡ್ರಾಯರಿನಲ್ಲಿ ಹಾಕಿ ಬೀಗ ಹಾಕಿ, ಮತ್ತೆ ಹೊರಗೆ ತೆಗೆಯಬೇಡಿ ಎನ್ನುವ ಅರ್ಥದಲ್ಲಿ ಹೇಳಿದರು. ಆಮೇಲೆ ಆ ವರದಿಯ ಸುದ್ದಿಯೇ ಬರಲಿಲ್ಲ. ಬಿದ್ದುಹೋಯಿತು ಅಂದುಕೊಂಡರು. ಅದು ಬಿದ್ದಿರಲಿಲ್ಲ. 2003ರ ಏಪ್ರಿಲ್‌ನಲ್ಲಿ ಅವರಿಗೆ ತಿಳಿಸದೆಯೇ ಅಂತಿಮಗೊಳಿಸಿದ್ದರು. ಮೋರಾಗೆ ಅದು ಗೊತ್ತಾದದ್ದು ಮುಂದಿನ ವರ್ಷ, ಅಬು ಘ್ರೈಬ್ ಹಗರಣ ಸ್ಫೋಟವಾದ ಮೇಲೆ. ನೌಕಾಪಡೆಯ ಕಾನೂನು ಮುಖ್ಯಸ್ಥರಿಗೇ ಕಾನೂನು ವರದಿ ತೋರಿಸದೆ ಮುಗಿಸಿದರು ಅಂದರೆ ಏನು ಹೇಳೋಣ?

ಪತ್ರಿಕಾಗೋಷ್ಠಿ ಯಾಕೆ ಕರೆಯಲಿಲ್ಲ ಅಂತ ಕೇಳಿದಿರಿ. ವಕೀಲನಿಗೆ ಕಕ್ಷಿದಾರನ ಗುಟ್ಟು ಕಾಯುವ ಬಾಧ್ಯತೆ ಇದೆ. ಇಲ್ಲಿ ಕಕ್ಷಿದಾರ ನೌಕಾಪಡೆ, ಕಾಗದಗಳು ಗೋಪ್ಯ. ಹೊರಗೆ ಬಂದಿದ್ದರೆ ಮರುದಿನ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಿದ್ದರು, ಕಾರ್ಯತಂಡದಲ್ಲಿ ಒಂದು ವಿರುದ್ಧ ದನಿ ಕಡಿಮೆಯಾಗುತ್ತಿತ್ತು. ರಜೆಯ ಬಗ್ಗೆ ನಿಮ್ಮ ಪ್ರಶ್ನೆಗೆ ನನ್ನ ಬಳಿ ಸಮಾಧಾನದ ಉತ್ತರ ಇಲ್ಲ.

2004ರ ಜುಲೈ 7ರಂದು ಅವರು ವೈಸ್ ಅಡ್ಮಿರಲ್ ಆಲ್ಬರ್ಟ್ ಚರ್ಚ್ ಅವರ ತನಿಖೆಗಾಗಿ 22 ಪುಟಗಳ ಹೇಳಿಕೆ ಬರೆದುಕೊಟ್ಟರು. ಯಾವ ದಿನ ಯಾರನ್ನು ಕಂಡೆ, ಅವರು ಏನಂದರು, ನಾನೇನಂದೆ ಎಲ್ಲ ಇದೆ. 2006ರಲ್ಲಿ ಒಂದು ಪತ್ರಿಕೆಯ ಮೂಲಕ ಅದು ಹೊರಬಂತು. ನಾನು ಮೇಲೆ ಬರೆದ ಮಾತುಕತೆಗಳಲ್ಲಿ ಹೆಚ್ಚಿನವು ಅದರಿಂದಲೇ ಲೋಕಕ್ಕೆ ಗೊತ್ತಾದದ್ದು.

ಎಡಿಸನ್ ಕನ್ನಡತಿ (ನ್ಯೂಜೆರ್ಸಿ)

ತಡವಾಗಿ ಓದಿದೆ, ಆದರೆ ಬರೆಯದೆ ಇರಲಾಗಲಿಲ್ಲ. ವಲಸೆಯ ಮಾತು ತುಂಗಾತೀರ ಎತ್ತಿದರು, ಅಲ್ಲೇ ಬಿಟ್ಟುಹೋಯಿತು. ನನಗೆ ಅದೇ ಮುಖ್ಯ ಅನಿಸುತ್ತದೆ.

ಮೋರಾ ಅವರ ಮನೆತನದ ಹಿರಿಯರಲ್ಲಿ ಒಬ್ಬರು ನಾಜಿಗಳ ಶಿಬಿರದಲ್ಲಿದ್ದರು. ಇನ್ನೊಬ್ಬರನ್ನು ಹಿಂಸಿಸಿ ಗಲ್ಲಿಗೇರಿಸಿದ್ದರು. ಇಂಥ ಮನೆಯಲ್ಲಿ ಚಿತ್ರಹಿಂಸೆ ಎಂಬುದು ಪುಸ್ತಕದ ವಿಷಯವಲ್ಲ, ಊಟದ ಮೇಜಿನ ಮೇಲೆ ಬರುವ ವಿಷಯ. ನಾನು ಸುಮ್ಮನಿದ್ದಿದ್ದರೆ ಅಮ್ಮ ನನ್ನನ್ನು ಬಿಡುತ್ತಿರಲಿಲ್ಲ ಅಂತ ಮೋರಾ ಹೇಳಿದ್ದಾರೆ. ಹಂಗೆರಿಯ ಕಮ್ಯುನಿಸ್ಟರಿಂದಲೂ ಕ್ಯಾಸ್ಟ್ರೊನಿಂದಲೂ ತಪ್ಪಿಸಿಕೊಂಡು ಬಂದವರು ಅಮೆರಿಕದಲ್ಲಿ ಏನು ಹುಡುಕಿದರು? ರಾತ್ರಿ ಬಂದು ಎಳೆದೊಯ್ಯುವವರು ಇಲ್ಲಿ ಇಲ್ಲ ಎಂಬ ಧೈರ್ಯ. ಅದೇ ದೇಶ ಈ ಕೆಲಸ ಮಾಡಿದರೆ ಅವರಿಗೆ ಉಳಿದವರಿಗಿಂತ ಜಾಸ್ತಿ ನೋವಾಗುತ್ತದೆ.

ಇನ್ನೊಂದು. ಗ್ವಾಂಟನಾಮೋ ಇರುವುದು ಕ್ಯೂಬಾದ ನೆಲದಲ್ಲೇ. 1903ರಲ್ಲಿ ಅಮೆರಿಕ ಅದನ್ನು ನೌಕಾನೆಲೆಗೆ ಅಂತ ಗುತ್ತಿಗೆಗೆ ಪಡೆಯಿತು. ವರ್ಷಕ್ಕೆ 4,085 ಡಾಲರ್ ಬಾಡಿಗೆ ಚೆಕ್ ಹೋಗುತ್ತದೆ, ಕ್ಯಾಸ್ಟ್ರೊ ಸರ್ಕಾರ 1959ರಲ್ಲಿ ಒಂದನ್ನು ನಗದು ಮಾಡಿಸಿದ್ದು ಬಿಟ್ಟರೆ ಮುಟ್ಟಿಯೇ ಇಲ್ಲ. ಕ್ಯಾಸ್ಟ್ರೊನ ಕ್ಯೂಬಾ ಬಿಟ್ಟು ಬಂದ ಹುಡುಗ, ದೊಡ್ಡವನಾದ ಮೇಲೆ ಅದೇ ದ್ವೀಪದ ಅಮೆರಿಕನ್ ಮೂಲೆಯಲ್ಲಿ ನಡೆಯುತ್ತಿದ್ದ ಹಿಂಸೆಯ ಕಡತ ಕೈಯಲ್ಲಿ ಹಿಡಿದಿದ್ದರು. ಅವರಿಗೆ ಆ ಹೊತ್ತಿನಲ್ಲಿ ಏನನಿಸಿತೋ.

ಇಲ್ಲಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಒಂದು ಅಭ್ಯಾಸ ಇದೆ. ತಲೆ ತಗ್ಗಿಸಿ ಕೆಲಸ ಮಾಡು, ಯಾರ ಕಣ್ಣಿಗೂ ಬೀಳಬೇಡ ಅಂತ. ನನ್ನ ಆಫೀಸಿನಲ್ಲೂ ತಪ್ಪು ಕಂಡಾಗ ಬಾಯಿ ಬಿಡುವವರಲ್ಲಿ ನಮ್ಮವರು ಕಡಿಮೆ. ವೀಸಾ, ಮನೆ ಸಾಲ, ಮಕ್ಕಳು ಎಲ್ಲ ಕಾರಣಗಳೂ ನಿಜವೇ. ಹಾಗಿರುವಾಗ ವಲಸಿಗರ ಮಗನೊಬ್ಬ, ತನ್ನದೇ ಪಕ್ಷದ ಸರ್ಕಾರದಲ್ಲಿ, ತನ್ನನ್ನು ಆ ಸ್ಥಾನಕ್ಕೆ ಏರಿಸಿದವರ ಎದುರೇ ನಿಂತದ್ದು ನನಗೆ ತುಂಬಾ ದೊಡ್ಡದು. ಗ್ವಾಂಟನಾಮೋ ಕೈದಿಗಳ ವಿಚಾರಣೆಗೆ ಮಾಡಿದ್ದ ಮಿಲಿಟರಿ ಆಯೋಗಗಳ ವಿರುದ್ಧ ಅಲ್ಲಿನ ಕೈದಿ ಹಮ್‌ದಾನ್ ಹೂಡಿದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನಲ್ಲಿ ವಾದಿಸಿ 2006ರಲ್ಲಿ ಗೆದ್ದ ನೀಲ್ ಕತ್ಯಾಲ್ ಕೂಡ ವಲಸಿಗರ ಮಗ, ಅಪ್ಪ ಅಮ್ಮ ಭಾರತದವರು. ಈ ಎರಡು ಹೆಸರುಗಳನ್ನೂ ನನ್ನ ಮಗಳಿಗೆ ಹೇಳಿದ್ದೇನೆ.

ಬೈತ್‌ಕೋಲ್ ಬಂದರು (ಕಾರವಾರ)

ಎಡಿಸನ್ ಅಕ್ಕ ಹಮ್‌ದಾನ್ ಕೇಸ್ ನೆನಪಿಸಿದ್ದು ಒಳ್ಳೆಯದಾಯಿತು. ಅದರಲ್ಲಿ ಹಮ್‌ದಾನ್ ಪರ ನಿಂತ ಸಮವಸ್ತ್ರದ ವಕೀಲರು ನೌಕಾಪಡೆಯವರೇ, ಲೆಫ್ಟಿನೆಂಟ್ ಕಮಾಂಡರ್ ಚಾರ್ಲ್ಸ್ ಸ್ವಿಫ್ಟ್. ಗೆದ್ದ ವರ್ಷವೇ ಅವರಿಗೆ ಬಡ್ತಿ ಸಿಗಲಿಲ್ಲ, ಪಡೆಯ ನಿಯಮದ ಪ್ರಕಾರ ನಿವೃತ್ತರಾಗಬೇಕಾಯಿತು. ದೊಡ್ಡ ಹುದ್ದೆಯವರ ಧೈರ್ಯಕ್ಕೆ ಪ್ರಶಸ್ತಿ ಸಿಗುತ್ತದೆ, ಕೆಳಗಿನವರ ಧೈರ್ಯಕ್ಕೆ ಬೆಲೆ ತೆರಬೇಕಾಗುತ್ತದೆ. ಮೋರಾ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತಿದ್ದೇನೆ. ಮೊದಲು ದೂರು ತಂದ ತನಿಖಾಧಿಕಾರಿಗಳ ಹೆಸರು ನಮಗೆ ಯಾರಿಗಾದರೂ ಗೊತ್ತಾ?

ಲಾ ಕಾಲೇಜು ಕ್ಯಾಂಟೀನ್

ಸರ್, ನಾನು ಎಲ್‌ಎಲ್‌ಬಿ ಕೊನೇ ವರ್ಷದ ವಿದ್ಯಾರ್ಥಿನಿ. ಒಂದು ಕಾನೂನಿನ ಪ್ರಶ್ನೆ. ಕ್ರೌರ್ಯ ಬೇರೆ, ಚಿತ್ರಹಿಂಸೆ ಬೇರೆ ಅಂತ ಆ ಸರ್ಕಾರದ ವಕೀಲರು ವಾದಿಸಿದರಂತೆ. ಮೋರಾ ಇದಕ್ಕೆ ಏನಂದರು? ನಮ್ಮ ದೇಶದಲ್ಲಿ ಇದರ ಸ್ಥಿತಿ ಏನು?

ಕೋರ್ಟ್ ಗಲ್ಲಿ (ಧಾರವಾಡ)

ಸರಿಯಾದ ಜಾಗಕ್ಕೇ ಕೈ ಹಾಕಿದ್ದೀಯಮ್ಮ. ಇಡೀ ಜಗಳದ ಮೂಲ ಇದೇ.

2002ರ ಆಗಸ್ಟ್ 1ರಂದು ನ್ಯಾಯ ಇಲಾಖೆ ಒಂದು ಅಭಿಪ್ರಾಯ ಕೊಟ್ಟಿತ್ತು. ಸಹಿ ಮಾಡಿದವರು ಜೇ ಬೈಬೀ. ಅಂಗಾಂಗ ವೈಫಲ್ಯ ಅಥವಾ ಸಾವಿಗೆ ಸಮನಾದ ನೋವು ಕೊಟ್ಟರೆ ಮಾತ್ರ ಅದು ಚಿತ್ರಹಿಂಸೆ ಎಂದು ಅದು ಹೇಳಿತು. ಗೆರೆಯನ್ನು ಅಷ್ಟು ದೂರ ಎಳೆದುಬಿಟ್ಟರೆ ಈಚೆಗೆ ಏನು ಬೇಕಾದರೂ ಮಾಡಬಹುದು ಅಲ್ವಾ? ಮೋರಾ ಆ ಆಟಕ್ಕೆ ಇಳಿಯಲಿಲ್ಲ. ಗೆರೆ ಎಲ್ಲಿದೆ ಎಂದು ವಾದ ಮಾಡುವ ಮೊದಲು, ಕ್ರೌರ್ಯವೇ ಕಾನೂನುಬಾಹಿರ ಎಂದರು. ಅವರ ಪ್ರಕಾರ ಕ್ರೌರ್ಯದಿಂದ ಮುಕ್ತವಾಗಿರುವ ಹಕ್ಕು ನಾಗರಿಕನಿಗೆ ಮಾತ್ರ ಸಿಗುವ ಸವಲತ್ತಲ್ಲ, ಮನುಷ್ಯ ಅಂದ ಮೇಲೆ ಎಲ್ಲರಿಗೂ ಸೇರಿದ್ದು. ಯಾರನ್ನೋ ಶತ್ರು ಹೋರಾಟಗಾರ ಎಂದು ಹಣೆಪಟ್ಟಿ ಹಚ್ಚಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಕ್ರೌರ್ಯಕ್ಕೆ ಒಪ್ಪಿಗೆ ಕೊಟ್ಟರೆ ಸಂವಿಧಾನದ ಇಡೀ ಕಟ್ಟಡವೇ ಬದಲಾಗುತ್ತದೆ ಎಂದು ಅವರು ಪದೇ ಪದೇ ಹೇಳಿದ್ದಾರೆ. ಅವರನ್ನು ನಾನು ಒಳ್ಳೆಯ ಮನುಷ್ಯ ಅಂತ ಮಾತ್ರವಲ್ಲ, ದೊಡ್ಡ ವಕೀಲ ಅಂತ ಮೆಚ್ಚುವುದು ಇದೇ ವಾದಕ್ಕೆ.

2005ರ ಅಕ್ಟೋಬರ್‌ನಲ್ಲಿ ಸೆನೆಟರ್ ಜಾನ್ ಮೆಕೇನ್ ತಂದ ತಿದ್ದುಪಡಿ 90-9 ಮತಗಳಿಂದ ಸೆನೆಟ್ಟಿನಲ್ಲಿ ಪಾಸಾಯಿತು. ಕ್ರೂರ, ಅಮಾನವೀಯ, ಅವಮಾನಕರ ವರ್ತನೆಯನ್ನು ಅದು ನಿಷೇಧಿಸಿತು. ಮೆಕೇನ್ ನೌಕಾಪಡೆಯ ಪೈಲಟ್ ಆಗಿದ್ದವರು, ವಿಯೆಟ್ನಾಂನಲ್ಲಿ ಐದೂವರೆ ವರ್ಷ ಸೆರೆಯಲ್ಲಿ ಹಿಂಸೆ ಅನುಭವಿಸಿದವರು.

ನಮ್ಮ ದೇಶದ ಸ್ಥಿತಿ ಹೇಳಲು ಖುಷಿಯಾಗುವುದಿಲ್ಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದನೆ ಆಗಿಲ್ಲ. 2010ರಲ್ಲಿ ಒಂದು ಮಸೂದೆ ಲೋಕಸಭೆ ದಾಟಿತು, ಕಾನೂನಾಗಲಿಲ್ಲ. 2017ರಲ್ಲಿ ಕಾನೂನು ಆಯೋಗ 273ನೇ ವರದಿಯಲ್ಲಿ ಮತ್ತೆ ಶಿಫಾರಸು ಮಾಡಿತು. ಸದ್ಯ ನಮ್ಮ ಕೈಯಲ್ಲಿರುವುದು ಸಂವಿಧಾನದ 21ನೇ ವಿಧಿ ಮತ್ತು ಡಿ.ಕೆ. ಬಸು ತೀರ್ಪು. ಬಂಧಿಸುವಾಗ ಮೆಮೊ ಬರೆಯಬೇಕು, ಸಾಕ್ಷಿಯ ಸಹಿ ಬೇಕು, ಮನೆಯವರಿಗೆ ತಿಳಿಸಬೇಕು, ವೈದ್ಯಕೀಯ ತಪಾಸಣೆ ಆಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ. ಠಾಣೆಗಳಲ್ಲಿ ಅದು ಎಷ್ಟು ನಡೆಯುತ್ತದೆ ಅಂತ ತಾಲ್ಲೂಕು ಕೋರ್ಟಿನ ಯಾವ ವಕೀಲರನ್ನು ಬೇಕಾದರೂ ಕೇಳು.

ಹೊಳೆಯಾಚೆ

ಕೊನೆಗೆ ಕಹ್ತಾನಿ ಕೇಸ್ ಏನಾಯಿತು ಅಂತ ಯಾರೂ ಹೇಳಲಿಲ್ಲ, ನಾನೇ ಹೇಳುತ್ತೇನೆ. 2008ರಲ್ಲಿ ಅವನ ಮೇಲಿನ ಆರೋಪ ಕೈಬಿಟ್ಟರು. ಮಿಲಿಟರಿ ಆಯೋಗಗಳ ಮುಖ್ಯಾಧಿಕಾರಿಯಾಗಿದ್ದ ಸೂಸನ್ ಕ್ರಾಫರ್ಡ್ 2009ರ ಜನವರಿಯಲ್ಲಿ, ನಾವು ಅವನನ್ನು ಹಿಂಸಿಸಿದ್ದೇವೆ, ಅದಕ್ಕೇ ವಿಚಾರಣೆಗೆ ಒಪ್ಪಿಸಲಿಲ್ಲ ಎಂದು ಬಾಯಿಬಿಟ್ಟು ಹೇಳಿದರು. 2022ರಲ್ಲಿ ಅವನನ್ನು ಸೌದಿ ಅರೇಬಿಯಾಕ್ಕೆ ಕಳಿಸಿದರು. ಅಂದರೆ ಸೆಪ್ಟೆಂಬರ್ 11ರಲ್ಲಿ ಸತ್ತವರ ಮನೆಯವರಿಗೂ ನ್ಯಾಯ ಸಿಗಲಿಲ್ಲ. ಹಿಂಸೆ ಮಾಡಿದವರೇ ಕೇಸ್ ಕೆಡಿಸಿದರು. ಮೋರಾ ಇದನ್ನು ಮೊದಲೇ ಹೇಳಿದ್ದರು, ಅದನ್ನು ಒಪ್ಪುತ್ತೇನೆ. ಅದನ್ನು ಜೋರಾಗಿ, ಹೊರಗೆ ಬಂದು ಹೇಳಬೇಕಿತ್ತು ಎಂಬ ನನ್ನ ಮಾತು ಹಾಗೇ ಇದೆ.

ಮೂರನೇ ಮಹಡಿ (ಬೆಂಗಳೂರು, ಸಚಿವಾಲಯದಿಂದ ನಿವೃತ್ತ)

ಹೊಳೆಯಾಚೆಯವರೇ, ನೀವು ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕ್ರಾಫರ್ಡ್ ಹಾಗೆ ಹೇಳುವ ಹೊತ್ತಿಗೆ ಏನೆಲ್ಲ ದಾಖಲೆಗಳು ಹೊರಬಂದಿದ್ದವು ನೋಡಿ. ಮೋರಾ ಅವರ 22 ಪುಟ, ನಾಲ್ಕೂ ಪಡೆಗಳ ವಕೀಲರ ಆಕ್ಷೇಪಣೆ. 2008ರ ಜೂನ್‌ನಲ್ಲಿ ಸೆನೆಟ್ ಸಮಿತಿಯ ವಿಚಾರಣೆ ನಡೆದಾಗ ಎಲ್ಲವೂ ಮೇಜಿನ ಮೇಲಿತ್ತು. ಇರಾಕ್‌ನಲ್ಲಿ ಅಮೆರಿಕದ ಸೈನಿಕರ ಸಾವಿಗೆ ಮೊದಲ ಎರಡು ಕಾರಣಗಳು ಅಬು ಘ್ರೈಬ್ ಮತ್ತು ಗ್ವಾಂಟನಾಮೋ, ಬಂಡುಕೋರರಿಗೆ ಜನ ಸೇರಿದ್ದೇ ಅವುಗಳಿಂದ ಎಂದು ಹಿರಿಯ ಸೇನಾಧಿಕಾರಿಗಳು ನಂಬುತ್ತಾರೆ ಅಂತ ಮೋರಾ ಆ ಸಮಿತಿಯ ಮುಂದೆ ಹೇಳಿದರು. ನಮಗೆ ಏನೂ ಗೊತ್ತಿರಲಿಲ್ಲ, ಯಾರೂ ಎಚ್ಚರಿಸಲಿಲ್ಲ ಅಂತ ಆಗ ಯಾವ ದೊಡ್ಡವರಿಗೂ ಹೇಳಲಾಗಲಿಲ್ಲ. ಹೇನ್ಸ್ ಅವರನ್ನು ಬುಷ್ ಫೆಡರಲ್ ಮೇಲ್ಮನವಿ ನ್ಯಾಯಾಲಯಕ್ಕೆ ನಾಮನಿರ್ದೇಶನ ಮಾಡಿದ್ದರು. ಸೆನೆಟ್ ಕೊನೆಗೂ ಒಪ್ಪಲಿಲ್ಲ. ಬೈಬೀ ಮಾತ್ರ ಅದಕ್ಕೂ ಮುಂಚೆಯೇ, ಅವರ ಅಭಿಪ್ರಾಯ ಬಯಲಾಗುವ ಮೊದಲೇ, ನ್ಯಾಯಾಧೀಶರಾಗಿಬಿಟ್ಟಿದ್ದರು. ಕಾಗದ ಯಾವಾಗ ಹೊರಬರುತ್ತದೆ ಎಂಬುದರಿಂದ ಎಷ್ಟು ವ್ಯತ್ಯಾಸ ಆಯಿತು ನೋಡಿ.

ತುಂಗಾತೀರ

ಮೋರಾ ಆಮೇಲೆ ಏನು ಮಾಡಿದರು ಸರ್?

ಕೋರ್ಟ್ ಗಲ್ಲಿ (ಧಾರವಾಡ)

ನೌಕಾಪಡೆ ಬಿಟ್ಟ ಮೇಲೆ ವಾಲ್‌ಮಾರ್ಟ್ ಕಂಪನಿಯ ಅಂತರರಾಷ್ಟ್ರೀಯ ವಿಭಾಗಕ್ಕೆ ಕಾನೂನು ಮುಖ್ಯಸ್ಥರಾದರು, ಆಮೇಲೆ ಮಾರ್ಸ್ ಕಂಪನಿಯಲ್ಲಿ ಅದೇ ಕೆಲಸ. 2006ರಲ್ಲಿ ಕೆನಡಿ ಪ್ರತಿಷ್ಠಾನದ ಪ್ರೊಫೈಲ್ ಇನ್ ಕರೇಜ್ ಪ್ರಶಸ್ತಿ ಬಂತು. ಮುಂದೆ ಹಾರ್ವರ್ಡ್‌ನಲ್ಲಿ ಇದೇ ವಿಷಯದ ಮೇಲೆ, ಅಂದರೆ ಹಿಂಸೆಯಿಂದ ಅಮೆರಿಕಕ್ಕೆ ಆದ ನಷ್ಟದ ಮೇಲೆ ಅಧ್ಯಯನ ಮಾಡಿದರು.

ಲಾ ಕಾಲೇಜು ಕ್ಯಾಂಟೀನ್

ಎಲ್ಲರಿಗೂ ಧನ್ಯವಾದ. ನಮ್ಮ ಕಾಲೇಜಿನ ಮೂಟ್ ಕೋರ್ಟಿಗೆ (ಅಣಕು ನ್ಯಾಯಾಲಯ) ಇದೇ ಸನ್ನಿವೇಶ ಇಡೋಣ ಅಂತ ಮೇಡಂ ಹತ್ತಿರ ಕೇಳುತ್ತೇನೆ. ಮೋರಾ ಪರ ವಾದಿಸಲು ಎಲ್ಲರೂ ಮುಂದೆ ಬರುತ್ತಾರೆ. ನಾನು ಹೇನ್ಸ್ ಪರ ನಿಲ್ಲಬೇಕು ಅಂತ ಇದ್ದೇನೆ. ಇನ್ನೊಂದು ದಾಳಿ ಆಗಬಹುದು ಎಂಬ ಭಯ ಇದ್ದಾಗ ಬುದ್ಧಿವಂತ ವಕೀಲರು ಹೇಗೆ ಹಂತ ಹಂತವಾಗಿ ಅಲ್ಲಿಗೆ ಹೋಗಿ ಮುಟ್ಟಿದರು ಅಂತ ಅರ್ಥ ಮಾಡಿಕೊಳ್ಳಬೇಕು. ಸರ್, ಕರಡು ನಿಮಗೆ ಕಳಿಸಲಾ?

ಕೋರ್ಟ್ ಗಲ್ಲಿ (ಧಾರವಾಡ)

ಕಳಿಸಮ್ಮ. ಡಿಸೆಂಬರ್ 2ರ ಮಂಜೂರಾತಿಯ ಜೊತೆಗಿದ್ದ ಕಾನೂನು ಟಿಪ್ಪಣಿಯಿಂದ ಶುರು ಮಾಡು. ಗ್ವಾಂಟನಾಮೋದಲ್ಲಿದ್ದ ಲೆಫ್ಟಿನೆಂಟ್ ಕರ್ನಲ್ ಡಯಾನ್ ಬೀವರ್ ಬರೆದದ್ದು. ಅದರಲ್ಲಿ ಎಲ್ಲಿ ಎಲ್ಲಿ ದುರ್ಬಲ ಅಂತ ಮೊದಲು ನೀನೇ ಗುರುತು ಹಾಕಿಕೋ, ಆಮೇಲೆ ನಾನು ನೋಡುತ್ತೇನೆ.